ರೆಂಕಮ್ ಮನೆಯ ಬಿಟ್ಟುಹೋದ ಹೆಸರು

ನದಿಯಿಂದ ಏಳುವ ಮಂಜು ವಾಗೆನಿಂಗನ್ನಿನ ಓಣಿಗಳಿಗೆ ಎತ್ತಿನ ನಡಿಗೆಯಲ್ಲಿ ಬರುತ್ತಿತ್ತು. ಅವಸರವಿಲ್ಲ. ಪ್ರತಿ ಮನೆಯ ಮುಂದೂ ತುಸು ನಿಂತು, ಬಾಗಿಲ ಮೇಲಿನ ಹೆಸರು ಓದಿಕೊಂಡಂತೆ ಮಾಡಿ, ಮುಂದಕ್ಕೆ. ಕಿಟಕಿಯಲ್ಲಿ ಕುಳಿತು ನೋಡುತ್ತಿದ್ದರೆ ಅದರೊಳಗಿನಿಂದ ಕೈಗಂಟೆಯ ಸದ್ದು ಕೇಳುತ್ತಿದೆ ಅನ್ನಿಸುತ್ತಿತ್ತು ನನಗೆ.

ನನ್ನಪ್ಪ ಬಸವಂತಪ್ಪ ಊರು ಹೊಗುತ್ತಿದ್ದುದು ಹಾಗೆಯೇ. ಎತ್ತಿನ ಮೇಲೆ ಕುಳಿತು, ಕಾಲು ಕಾಣದಂತೆ ಕಂಬಳಿ ಮುಚ್ಚಿ, ಗಂಟೆ ಬಾರಿಸುತ್ತ. ನಾವು ಹೆಳವರು. ಉಳ್ಳವರ ಮನೆಗಳ ವಂಶ ಹೇಳುವುದು ನಮ್ಮ ಕಸುಬು. ಗೋಕಾಕ ಸೀಮೆಯ ಎಷ್ಟೋ ಗೌಡರು ತಮ್ಮ ಮುತ್ತಜ್ಜನ ಅಪ್ಪನ ಹೆಸರನ್ನು ತಿಳಿದದ್ದೇ ನನ್ನಪ್ಪನ ಬಾಯಿಂದ. ‘ನಮ್ಮಜ್ಜಂದಷ್ಟ ಹೇಳಿ ಮುಗಸೋ’ ಎಂದು ಗೌಡ ಅವಸರ ಮಾಡಿದರೂ ಅಪ್ಪ ನಡುವಿನಿಂದ ಹಿಡಿದವನಲ್ಲ. ಮೂಲಪುರುಷನಿಂದಲೇ ಸುರುವಾಗಬೇಕು. ಹೆಳವನ ನಾಲಿಗೆ ನೀರಿದ್ದ ಹಾಗೆ, ಮೇಲಿನಿಂದ ಕೆಳಕ್ಕೇ ಹರಿಯುವುದು.

ನಾನು ಡಚ್ಚರ ಈ ದೇಶಕ್ಕೆ ಬಂದದ್ದು ಗಂಡನ ಬೆನ್ನಿಗೆ. ಅವನಿಗೆ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಬೀಜಗಳ ಸಂಶೋಧನೆ. ನನ್ನ ಪಾಸ್‌ಪೋರ್ಟಿನ ಮೇಲೆ, ಕೆಲಸ ಮಾಡುವಂತಿಲ್ಲ ಎಂಬ ಮುದ್ರೆ. ಎರಡು ಚಳಿಗಾಲ ಡಚ್ ಕಲಿತೆ. ಆಮೇಲೆ ಸುಮ್ಮನೆ ಕೂರಲಾಗದೆ, ಹಳೆಯ ಚರ್ಚಿನ ಹಿಂದಿದ್ದ ದಾಖಲೆ ಕೋಣೆಗೆ ಸ್ವಯಂಸೇವಕಿಯಾಗಿ ಹೋಗತೊಡಗಿದೆ. ಅಲ್ಲಿಯ ಯಜಮಾನಿ ಆಲೈದಾ, ಎಪ್ಪತ್ತರ ಹತ್ತಿರದ ಹೆಂಗಸು. ಮುನ್ನೂರು ವರ್ಷದ ಹಿಂದಿನ ಬರಹವನ್ನು ಓದುವುದು ಹೇಗೆಂದು ಆಕೆಯೇ ಕಲಿಸಿದಳು. ಅಮೆರಿಕದಿಂದ ಪತ್ರಗಳು ಬರುತ್ತಿದ್ದವು. ಈ ಸೀಮೆಯಿಂದ ಹಡಗು ಹತ್ತಿ ಹಡ್ಸನ್ ನದಿಯ ದಡಕ್ಕೆ ಹೋಗಿ ನೆಲ ಹಿಡಿದವರ ಮರಿಮಕ್ಕಳು ಬರೆಯುವ ಪತ್ರಗಳು. ನಮ್ಮವರು ಯಾರು, ಎಲ್ಲಿಯವರು, ಹುಡುಕಿಕೊಡಿ. ಜ್ಞಾನಸ್ನಾನದ ಪುಸ್ತಕ, ಮದುವೆಯ ಪುಸ್ತಕ, ಹಡಗು ಹತ್ತಿದವರ ಪಟ್ಟಿ ಎಲ್ಲವನ್ನೂ ತಿರುವಿ ನಾವು ಹುಡುಕಿಕೊಡುತ್ತಿದ್ದೆವು.

ನಾನು ಚೀಟಿ ಬರೆದುಕೊಳ್ಳುತ್ತಿರಲಿಲ್ಲ. ಸಿಕ್ಕ ಹೆಸರನ್ನು ಅಪ್ಪನ ರಾಗಕ್ಕೆ ಕೂರಿಸಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಒಂದು ಮನೆ ಮುಗಿದ ಮೇಲೆ ಒಂದೇ ಉಸಿರಿನಲ್ಲಿ ವರದಿ ಟೈಪು ಮಾಡುತ್ತಿದ್ದೆ. ಆಲೈದಾ ತಲೆ ಅಲ್ಲಾಡಿಸುತ್ತಿದ್ದಳು. ‘ಎಲ್ಲಿ ಸಿಕ್ಕಿತು ಅಂತ ಪುಟದ ಸಂಖ್ಯೆ ಬರೆದುಕೋ ತಾಯಿ. ನೀನು ನಾಳೆ ಸತ್ತರೆ ನಿನ್ನ ತಲೆಯನ್ನ ಯಾವ ಕಪಾಟಿನಲ್ಲಿಡಲಿ?’

ಆ ವರ್ಷ, ಅಂದರೆ ತೊಂಬತ್ತೆಂಟರ ವಸಂತದಲ್ಲಿ, ಅರ್ನೆಸ್ಟೀನ್ ವಾನ್ ರೆಂಕಮ್ ಎಂಬಾಕೆಯ ಪತ್ರ ಬಂತು. ಹಡ್ಸನ್ ದಡದ ಕಿಂಗ್‌ಸ್ಟನ್ ಊರಿನ ನಿವೃತ್ತ ಶಾಲಾ ಶಿಕ್ಷಕಿ. ತನ್ನ ತಂದೆಯಿಂದ ಹಿಂದಕ್ಕೆ ಎಣಿಸಿ, 1790ರ ಸುಮಾರಿಗೆ ಹುಟ್ಟಿದ ಹಾರ್ಮೆನ್ ಎಂಬವನವರೆಗೆ ಹೆಸರು ಕೊಟ್ಟಿದ್ದಳು. ಅದರಾಚೆಗೆ ತಿಳಿಯದು. ರೆಂಕಮ್ ಹಳ್ಳಿಯಿಂದ ಹೋದ ಆ ಮನೆಯ ಬಗ್ಗೆ ಸಿಕ್ಕಿದ್ದೆಲ್ಲ ಬೇಕು ಎಂದಿದ್ದಳು.

ರೆಂಕಮ್ ನಮ್ಮ ಊರಿನಿಂದ ಸೈಕಲ್ ದಾರಿ. ಮನೆತನ ಸಿಕ್ಕಿತು. ಗಿರಣಿಯ ಹಾರ್ಮೆನ್, ಅವನ ಮಗ ತೂನಿಸ್ 1659ರಲ್ಲಿ ಹಡಗು ಹತ್ತಿದವನು. ತೂನಿಸನ ಮಗ ಹಾರ್ಮೆನ್, ಅವನ ಮಗ ತೂನಿಸ್. ಇಲ್ಲಿಯವರೂ ನಮ್ಮ ಹಾಗೆಯೇ, ಮೊದಲ ಮಗನಿಗೆ ಅಜ್ಜನ ಹೆಸರು. ಹಾರ್ಮೆನ್, ತೂನಿಸ್, ಹಾರ್ಮೆನ್, ತೂನಿಸ್. ಮಗ್ಗದ ಲಾಳಿಯಂತೆ ಹೆಸರು ಅತ್ತಿತ್ತ ಓಡಾಡುತ್ತ ಬಂದು 1790ಕ್ಕೆ ನಿಂತಾಗ ಅಲ್ಲಿ ಒಬ್ಬ ಹಾರ್ಮೆನ್ ಹುಟ್ಟಲೇಬೇಕಿತ್ತು. ಅರ್ನೆಸ್ಟೀನಳ ಹಾರ್ಮೆನ್‌ನನ್ನು ತಂದು ಅಲ್ಲಿ ಕೂರಿಸಿದೆ. ಕಾಗದ ಇರಲಿಲ್ಲ, ಆದರೆ ರಾಗ ಕೂತಿತು. ಒಂದೇ ಹೆಸರು, ಒಂದೇ ಬೆಡಗು, ಒಂದೇ ರಕ್ತ. ಹೆಳವನ ಮಗಳಿಗೆ ಇದರಲ್ಲಿ ಅನುಮಾನ ಹುಟ್ಟುವುದಾದರೂ ಹೇಗೆ? ಹತ್ತು ತಲೆಮಾರಿನ ವರದಿ ಕಳಿಸಿದೆ. ಆಕೆಯಿಂದ ಮೂರೇ ಸಾಲಿನ ಉತ್ತರ. ‘ತಲುಪಿತು. ಅಕ್ಟೋಬರಿನಲ್ಲಿ ನಾನೇ ಬರುತ್ತೇನೆ. ಮಾತಾಡೋಣ.’

ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ನನ್ನ ಗೆಳತಿ ನಾಜ್ನೀನ್ ಕಾರು ತಂದಳು. ಬೆಂಗಳೂರಿನವಳು, ನಿಲ್ದಾಣದ ಪಕ್ಕದ ಬಾಡ್‌ಹೂವೆಡಾರ್ಪಿನಲ್ಲಿ ಮನೆ. ‘ನಮ್ಮನೇಲಿ ಕುಕ್ಕರ್ ವಿಸಲ್ ಲೆಕ್ಕಾನೇ ಸಿಗಲ್ಲ ಕಣೆ, ಪ್ಲೇನ್ ಬಂದ್ರೆ ಬೇಳೆ ಹೊತ್ತೋಯ್ತು ಅಂತಾನೇ’ ಎನ್ನುತ್ತಿದ್ದಳು. ನಾನು ಹೆಸರು ಬರೆದ ರಟ್ಟು ಹಿಡಿದು ನಿಂತೆ. ಬಿಳಿಯ ಕೂದಲಿನ, ಬಿಳಿಯ ಮುಖದ, ಗಿರಣಿಯವನ ಮೂಗಿನ ಮುದುಕಿಯೊಬ್ಬಳಿಗಾಗಿ ಕಣ್ಣಾಡಿಸುತ್ತಿದ್ದೆ. ಎತ್ತರದ ಕಪ್ಪು ಹೆಂಗಸೊಬ್ಬಳು ಬಂದು ನನ್ನೆದುರು ನಿಂತಳು. ನೀಲಿ ಕೋಟು, ಕೈಯಲ್ಲೊಂದು ಕಂದು ಲಕೋಟೆ. ನಾನು ಆಕೆಯ ಭುಜದ ಮೇಲಿಂದ ಇಣುಕಿ ಹಿಂದಿನವರನ್ನು ನೋಡಿದೆ. ಆಕೆ ಕದಲಲಿಲ್ಲ. ನಾನು ಈ ಪಕ್ಕಕ್ಕೆ ವಾಲಿ ನೋಡಿದೆ, ಆ ಪಕ್ಕಕ್ಕೆ ವಾಲಿ ನೋಡಿದೆ.

ನಾಜ್ನೀನ್ ಮೊಣಕೈಯಿಂದ ತಿವಿದಳು. ‘ಪ್ರಭಾ. ಅವ್ರೇ ಕಣೆ.’

‘ಪರವಾಗಿಲ್ಲ’ ಎಂದಳು ಅರ್ನೆಸ್ಟೀನ್. ‘ನೋಡಿ ಮುಗೀಲಿ. ಕಾಯ್ತೀನಿ.’

ಕಾರಿನಲ್ಲಿ ಆಕೆ ಹಿಂದೆ ಕುಳಿತು ಲಕೋಟೆಯಿಂದ ನನ್ನ ವರದಿ ತೆಗೆದಳು. ಹೊರಗೆ ಕಾಲುವೆಗಳು, ಹಸಿರು ಪಟ್ಟಿಗಳು, ನಿಂತಲ್ಲೇ ನಿಂತ ಹಸುಗಳು ಒಂದೇ ಕನಸಿನಂತೆ ಮತ್ತೆ ಮತ್ತೆ ಹಾದುಹೋಗುತ್ತಿದ್ದವು.

‘ಚೆನ್ನಾಗಿ ಬರೆದಿದ್ದೀರಿ’ ಎಂದಳು. ‘ಓದಿ ನಮ್ಮಮ್ಮ ನಕ್ಕಳು. ಅವಳಿಗೆ ತೊಂಬತ್ತಮೂರು. ನಕ್ಕು ಬಹಳ ದಿನ ಆಗಿತ್ತು. ನೋಡೇ ಅರ್ನೆಸ್ಟೀನ್, ಈ ಹುಡುಗಿ ನಮ್ಮನ್ನ ಯಜಮಾನನ ಮಕ್ಕಳು ಮಾಡಿಬಿಟ್ಟಿದ್ದಾಳೆ ಅಂದಳು. ಹಾರ್ಮೆನ್ ಆ ಮನೆಯ ಮಗ ಅಲ್ಲ. ಆ ಮನೆಯ ಆಳು. ಕೊಂಡವರ ಹೊಟ್ಟೆಯಲ್ಲಿ ಹುಟ್ಟಿದ ಗುಲಾಮ. ಬಿಡುಗಡೆ ಆದ ದಿನ ಅವನ ಹತ್ತಿರ ಬೇರೆ ಹೆಸರೇ ಇರಲಿಲ್ಲ, ಅದಕ್ಕೆ ಮನೆಯದನ್ನೇ ಹಾಕಿಕೊಂಡ.’

ನಾಜ್ನೀನ್ ಓರೆಗಣ್ಣಿನಿಂದ ನನ್ನ ಮುಖ ನೋಡಿದಳು. ನಾನು ರಸ್ತೆ ನೋಡಿದೆ.

‘ಮೊದಲೇ ಯಾಕೆ ಬರೀಲಿಲ್ಲ ಅಂತ ಕೇಳ್ತೀರಿ’ ಎಂದು ಆಕೆಯೇ ಮುಂದುವರಿಸಿದಳು. ‘ಎರಡು ಕಡೆ ಬರೆದಿದ್ದೆ. ಎರಡೂ ಕಡೆಯಿಂದ, ಅಂಥವರದ್ದು ಇಲ್ಲಿ ದಾಖಲೆ ಇಲ್ಲ ಅಂತ ಒಂದೇ ಥರ ಉತ್ತರ ಬಂತು. ಈ ಸಲ ಹೆಸರನ್ನಷ್ಟೇ ಕಳಿಸಿದೆ, ಬಾಗಿಲು ತೆರೀತು. ನನಗೆ ಗಿರಣಿಯವನು ಬೇಡ. ಅಮ್ಮ ಒಂದೇ ಕೇಳ್ತಾಳೆ. ನಮ್ಮಲ್ಲಿ ಮೊದಲು ಬಂದವಳು ಹೆಂಗಸಂತೆ, ಆ ಮನೆಯ ಒಲೆಯ ಮುಂದೆ ಮಲಗುತ್ತಿದ್ದಳಂತೆ. ಅತ್ತೆಯಿಂದ ಸೊಸೆಗೆ ಅಷ್ಟು ಬಂದಿದೆ. ಹೆಸರು ಮಾತ್ರ ಬಂದಿಲ್ಲ. ಅಮ್ಮ ಬಹಳ ದಿನ ಇರೋದಿಲ್ಲ. ಆ ಹೆಸರು ಕೇಳಿ ಹೋಗಬೇಕು ಅವಳು. ಶುಕ್ರವಾರ ನನ್ನ ವಿಮಾನ.’

ಅವತ್ತು ಸೋಮವಾರ.

ನನಗೆ ಕಲ್ಲವ್ವ ನೆನಪಾದಳು. ನಾನಾಗ ಎಂಟು ವರ್ಷದವಳು. ಗೌಡರ ಅಂಗಳದಲ್ಲಿ ಅಪ್ಪ ವಂಶ ಹೇಳಿ ಮುಗಿಸಿ ಗಂಟೆ ಕೆಳಗಿಟ್ಟಿದ್ದ. ದನದ ಕೊಟ್ಟಿಗೆಯ ಆಚೆ, ಅಂಗಳಕ್ಕೆ ಕಾಲಿಡದೆ ನಿಂತಿದ್ದ ಹೆಂಗಸು ಕೇಳಿದಳು. ‘ನಮ್ಮದೂ ಹೇಳೋ ಯಪ್ಪಾ. ನಾಕ ತಲಿಯಿಂದ ಈ ಮನ್ಯಾಗ ಜೀತಾ ಮಾಡೇವಿ.’ ಅಪ್ಪ ಅಂದ, ‘ನಿಮ್ಮದು ನನ್ನ ಬಾಯಾಗಿಲ್ಲ ಬೇ.’ ‘ಇಲ್ಲಂದ್ರ ಈಗ ತುಂಬ್ಕೋ’ ಅಂದಳು ಕಲ್ಲವ್ವ. ಗೌಡ ನಕ್ಕ. ಗೌಡ ನಕ್ಕಿದ್ದಕ್ಕೆ ಅಪ್ಪನೂ ನಕ್ಕ. ಹಿರಿಯರು ನಕ್ಕರಲ್ಲಾ ಎಂದು ನಾನೂ ನಕ್ಕೆ.

ಮರುದಿನ ಅರ್ನೆಸ್ಟೀನಳನ್ನು ದಾಖಲೆ ಕೋಣೆಗೆ ಕರೆದೊಯ್ದೆ. ಆಲೈದಾ ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದಳು. ‘ಹೊರಟು ಹೋದವರ ಮನೆಯೊಳಗೆ ಯಾರಿದ್ದರು ಅಂತ ನಮ್ಮ ಪುಸ್ತಕಗಳಲ್ಲಿ ಇರೋದಿಲ್ಲ. ಅವರು ಊರಿಗೆ ಬರೆದ ಕಾಗದ ಏನಾದರೂ ಇದ್ದರೆ ಮಾತ್ರ. ಆ ತೂನಿಸ್ ಬಗ್ಗೆ ನೀನು ಎಲ್ಲೆಲ್ಲಿ ಓದಿದೆ?’

ಏಪ್ರಿಲ್, ಮೇ ತಿಂಗಳ ಎಷ್ಟೋ ಮಧ್ಯಾಹ್ನಗಳು ಬಿಸಿಲ ಧೂಳಿನಲ್ಲಿ ಕರಗಿಹೋಗಿದ್ದವು. ಯಾವ ಕಟ್ಟು, ಯಾವ ಪುಟ, ಒಂದೂ ಚೀಟಿಯಿಲ್ಲ. ಗೋಡೆಯುದ್ದಕ್ಕೂ ಪೆಟ್ಟಿಗೆಗಳು ನಿಂತಿದ್ದವು. ಮೂರು ದಿನದಲ್ಲಲ್ಲ, ಮೂರು ತಿಂಗಳಲ್ಲೂ ಮುಗಿಯುವವಲ್ಲ.

‘ಪುಟದ ಸಂಖ್ಯೆ’ ಎಂದಳು ಆಲೈದಾ, ಮೆಲ್ಲಗೆ.

‘ಹೇಳಿದರೆ ಬರಬಹುದು’ ಎಂದೆ. ‘ಮೊದಲಿನಿಂದ ಹೇಳಬೇಕು. ಗಟ್ಟಿಯಾಗಿ.’

‘ಓದುವ ಕೋಣೆಯಲ್ಲಿ ಹಾಡಬಾರದು’ ಎಂದು ಆಲೈದಾ ಅಂದಳು. ಎದ್ದುಹೋಗಿ ಬಾಗಿಲು ಹಾಕಿ ಬಂದು ಕುಳಿತಳು.

ಕಣ್ಣು ಮುಚ್ಚಿದೆ. ಅಪ್ಪನ ರಾಗ ಎದೆಯಿಂದ ಎದ್ದಿತು. ಕಿಟಕಿಯಾಚೆಯ ಮಂಜಿನಲ್ಲಿ ಎತ್ತೊಂದು ಕೋಡು ತೂಗಿ ನಿಂತಿತು. ರೆಂಕಮ್ಮಿನ ಗಿರಣಿಯ ಹಾರ್ಮೆನ್ನ, ಹಾರ್ಮೆನ್ನನ ಮಡದಿ ಯಾನೆಕವ್ವ, ಯಾನೆಕವ್ವನ ಹೊಟ್ಟೆಯಲ್ಲಿ ಮೂವರು, ಚರ್ಚಿನಲ್ಲಿ ಕೂಸು ಹಿಡಿದು ಸಾಕ್ಷಿ ನಿಂತವಳು ಸೋದರತ್ತೆ. ಮೂವರಲ್ಲಿ ಹಿರಿಯವ ತೂನಿಸಪ್ಪ, ಕಡಲಿಗೆ ಹೋದವ, ಕಾಡು ಕಡಿದವ, ತೂನಿಸಪ್ಪನ ಮಡದಿ ಬಾರ್ಬರವ್ವ, ಮಕ್ಕಳಿಬ್ಬರು, ಆಕಳು ನಾಲ್ಕು, ಓ...

ನಿಂತೆ.

‘ಯಾಕೆ?’ ಎಂದಳು ಅರ್ನೆಸ್ಟೀನ್.

ಆಕಳು ನಾಲ್ಕು, ಆಮೇಲೆ ಒಂದು ಉದ್ದನೆಯ ಓಕಾರ. ನಾಲ್ಕು ಹೆಜ್ಜೆ ನಡೆಯಬೇಕಾದ ಸಾಲು ಮೂರೇ ಹೆಜ್ಜೆ ನಡೆದು, ಉಳಿದದ್ದನ್ನು ದನಿಯೆಳೆದು ತುಂಬಿತ್ತು. ಅಪ್ಪನ ಉಪಾಯವದು. ಹೇಳಬಾರದ್ದು ಬಂದಾಗ, ಗೌಡನ ಮುತ್ತಜ್ಜಿ ಓಡಿಹೋದದ್ದೋ ಅಣ್ಣ ತಮ್ಮನನ್ನು ಕಡಿದದ್ದೋ, ಅಪ್ಪ ಅಲ್ಲಿ ರಾಗ ಎಳೆಯುತ್ತಿದ್ದ. ಕೇಳುವವರು ಭಕ್ತಿಯಿಂದ ತಲೆದೂಗುತ್ತಿದ್ದರು. ಆರು ತಿಂಗಳ ಹಿಂದೆ ನಾನೂ ಇಲ್ಲಿ ಯಾರನ್ನೋ ದಾಟಿದ್ದೆ. ನಾಲ್ಕು ಆಕಳನ್ನು ಹಾಡಿನಲ್ಲಿ ಕೂರಿಸಿ, ಅವುಗಳ ಪಕ್ಕದಲ್ಲಿದ್ದವರನ್ನು ಹೊರಗೆ ನಿಲ್ಲಿಸಿದ್ದೆ.

‘ಆಲೈದಾ, ತೂನಿಸನ ಹತ್ತಿರ ನಾಲ್ಕು ಹಸು ಇದ್ದವು ಅಂತ ಯಾವ ಪುಸ್ತಕದಲ್ಲಿ ಇರುತ್ತದೆ?’

‘ಹಸುವೇ? ಜ್ಞಾನಸ್ನಾನದಲ್ಲೂ ಇಲ್ಲ, ಮದುವೆಯಲ್ಲೂ ಇಲ್ಲ.’ ಆಕೆ ತುಟಿ ಕಚ್ಚಿಕೊಂಡಳು. ‘ಹೊಸ ಊರಿನ ಚರ್ಚಿಗೆ ಸೇರಬೇಕಾದರೆ ಹಳೆಯ ಚರ್ಚಿನ ಒಪ್ಪಿಗೆ ಪತ್ರ ಬೇಕಿತ್ತು. ಅದನ್ನ ಕೇಳಿ ಬರೀತಿದ್ದರು. ಮನೆ ಮಂದಿ, ಬದುಕು, ನಡತೆ ಎಲ್ಲ ತಿಳಿಸಿ. ಅಂಥ ಕಾಗದಗಳನ್ನ ಹಿರಿಯರ ಸಭೆಯ ನಡಾವಳಿ ಪುಸ್ತಕಕ್ಕೆ ಅಂಟಿಸ್ತಿದ್ದರು.’

ಪುಸ್ತಕ ತರಲು ಆಕೆ ಏಣಿ ಹತ್ತಿದಳು. ನಾನು ಕೆಳಗೆ ಏಣಿ ಹಿಡಿದೆ. ಅರ್ನೆಸ್ಟೀನ್ ಎದ್ದು ಬಂದು ಏಣಿಯ ಇನ್ನೊಂದು ಕಾಲು ಹಿಡಿದಳು.

1662ರ ಎಡಪುಟ. ಅಂಟಿಸಿದ ತೂನಿಸನ ಕಾಗದ ಒಣಗಿದ ಎಲೆಯಂತೆ ಮುದುರಿತ್ತು. ಮಡದಿ, ಮಕ್ಕಳಿಬ್ಬರು, ಹಸು ನಾಲ್ಕು. ಅಲ್ಲಿಂದ ಮುಂದೆ ನಾನು ಒಂದೊಂದೇ ಪದವನ್ನು ಬೆರಳಿಟ್ಟು ಇಂಗ್ಲಿಷಿಗೆ ತಿರುಗಿಸಿ ಓದಿದೆ.

ಮತ್ತು ಒಬ್ಬ ಕಪ್ಪು ಹೆಂಗಸು, ಹಡಗಿನವನಿಂದ ಕೊಂಡದ್ದು. ದುಡಿಯುತ್ತಾಳೆ, ಒಲೆಯ ಬಳಿ ಮಲಗುತ್ತಾಳೆ. ತನಗೂ ಜ್ಞಾನಸ್ನಾನ ಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದಾಳೆ. ಕ್ರೈಸ್ತರಾದರೆ ಬಿಡುಗಡೆ ಸಿಕ್ಕೀತೆಂಬ ಆಸೆಗೆ ಇವರು ಕೇಳುತ್ತಾರೆ ಎಂದು ಇಲ್ಲಿಯ ಪಾದ್ರಿ ಕೊಡಲೊಲ್ಲರು. ತಮ್ಮ ಅಭಿಪ್ರಾಯ ತಿಳಿಸಬೇಕು. ನಾವು ಅವಳನ್ನು ಗ್ರೀತ್ ಎಂದು ಕರೆಯುತ್ತೇವೆ. ಅವಳನ್ನೇ ಕೇಳಿದರೆ ತನ್ನ ಹೆಸರು ಲುಜೋಲೊ ಎನ್ನುತ್ತಾಳೆ, ಹಟಮಾರಿ.

ಕೆಳಗೆ ಸಭೆಯ ಬರಹಗಾರನ ಅಕ್ಷರದಲ್ಲಿ ಒಂದೇ ಸಾಲು: ಹೆಂಗಸಿನ ವಿಷಯ ಮುಂದಿನ ಸಭೆಗೆ ಇಡಲಾಗಿದೆ.

ಆಲೈದಾ ಮುಂದಿನ ಸಭೆಯ ಪುಟ ತಿರುವಿದಳು. ಚಾವಣಿ ಸೋರಿಕೆ. ಅದರ ಮುಂದಿನದು. ಗಂಟೆಯ ಹಗ್ಗ. ಅದರ ಮುಂದಿನದು. ಪುಸ್ತಕ ಮುಗಿಯುವವರೆಗೂ ತಿರುವಿದಳು. ಮುನ್ನೂರ ಮೂವತ್ತಾರು ವರ್ಷಗಳಿಂದ ಆ ಹೆಂಗಸಿನ ವಿಷಯ ಮುಂದಿನ ಸಭೆಗೆ ಕಾಯುತ್ತಿತ್ತು. ಹಟಮಾರಿಯಂತೆ.

ಅರ್ನೆಸ್ಟೀನ್ ಆ ಹೆಸರಿನ ಪಕ್ಕ, ಕಾಗದಕ್ಕೆ ತಾಗಿಸದೆ, ಬೆರಳು ಹಿಡಿದು ಬಹಳ ಹೊತ್ತು ನಿಂತಳು.

‘ಇದನ್ನ ನಾನು ಏಪ್ರಿಲ್‌ನಲ್ಲೇ ಓದಿದ್ದೆ’ ಎಂದೆ. ಹೇಳದೆ ಇರಬಹುದಿತ್ತು. ‘ವಂಶಕ್ಕೆ ಸೇರಿದವಳಲ್ಲ ಅಂತ ಬಿಟ್ಟೆ.’

ಆಕೆ ತಿರುಗಲಿಲ್ಲ. ‘ಹಸು ಸೇರಿದ್ದವು.’

‘ಹೌದು.’

‘ಅಮ್ಮನಿಗೆ ಇದನ್ನ ಹೇಳೋದಿಲ್ಲ ನಾನು. ನೀವೇ ಹೇಳಬೇಕು.’

‘ಇನ್ನೊಂದು ಮಾತು’ ಎಂದೆ. ‘ಈಕೆಗೂ ನಿಮ್ಮ ಹಾರ್ಮೆನ್‌ಗೂ ನಡುವೆ ಐದು ತಲೆಮಾರು ಖಾಲಿ. ಈಕೆಯೇ ನಿಮ್ಮವಳು ಅನ್ನೋದಕ್ಕೆ ಒಲೆ ಬಿಟ್ಟರೆ ಪುರಾವೆ ಇಲ್ಲ.’

ಈಗ ತಿರುಗಿದಳು. ಕಣ್ಣು ಒದ್ದೆ, ಬಾಯಲ್ಲಿ ಮಾತ್ರ ಶಾಲಾ ಶಿಕ್ಷಕಿಯ ನಗು. ‘ಗಿರಣಿಯವನಿಗೆ ನನ್ನನ್ನ ಅಂಟಿಸಿದಾಗ ಎಷ್ಟು ಪುರಾವೆ ಇತ್ತು ಮಗಳೇ?’

ಗುರುವಾರ ಬೆಳಿಗ್ಗೆ ಅಪ್ಪನಿಗೆ ಫೋನು ಮಾಡಿದೆ. ಪಕ್ಕದ ಮನೆಯವರು ಕರೆದು ತಂದರು. ನಡೆದದ್ದನ್ನು ಹೇಳಿದೆ.

‘ಹೆಣ್ಣಿನಿಂದ ಸುರು ಆಗೂ ವಂಶಾ ನಾ ಹೇಳಿಲ್ಲ’ ಎಂದ ಅಪ್ಪ. ‘ಪದ್ಧತಿ ಇಲ್ಲ. ಅಪ್ಪ ಯಾರು ಆಕಿಗೆ?’

‘ಗೊತ್ತಿಲ್ಲ. ಅಪ್ಪಾ, ಕಲ್ಲವ್ವ ನೆನಪದಾಳ? ಗೌಡರ ಕೊಟ್ಟಿಗಿ ಹಿಂದ ನಿಂತು ನಮ್ಮದೂ ಹೇಳು ಅಂದಾಕಿ?’

ಫೋನಿನಲ್ಲಿ ಕಡಲಿನಂಥ ಮೊರೆತ.

‘ಇವ್ಳ ಹೆಸರೇನಂದಿ?’

‘ಲುಜೋಲೊ.’

‘ಲುಜೋಲವ್ವ’ ಎಂದು ಅಪ್ಪ ಬಾಯಲ್ಲಿಟ್ಟು ನೋಡಿದ. ಇನ್ನೊಮ್ಮೆ, ತುಸು ರಾಗದಲ್ಲಿ. ‘ಲುಜೋಲವ್ವಾ. ಕುಂದರತೈತಿ.’

‘ನಡುವ ಐದು ತಲಿ ಹೆಸರಿಲ್ಲ.’

‘ಅಲ್ಲಿ ರಾಗ ಎಳೀಬ್ಯಾಡ’ ಎಂದ ಅಪ್ಪ. ಅವನ ದನಿ ಸಣ್ಣದಾಗಿತ್ತು. ‘ನಾ ಜಲ್ಮಪೂರ್ತಿ ಎಳದೇನಿ. ನೀ ಎಳೀಬ್ಯಾಡ. ಗಂಟಿ ಹೊಡಿ. ತಲಿಗೊಂದ.’

ಅಪ್ಪ ಕೊಟ್ಟ ಕೈಗಂಟೆ ನನ್ನ ಕಿಟಕಿಯಲ್ಲಿ, ತುಳಸಿಯ ಕುಂಡದ ಪಕ್ಕ ಸುಮ್ಮನೆ ಕುಳಿತಿತ್ತು. ಮಧ್ಯಾಹ್ನ ನಾಲ್ಕಕ್ಕೆ, ಕಿಂಗ್‌ಸ್ಟನ್ನಿನಲ್ಲಿ ಬೆಳಗಾಗಿದ್ದ ಹೊತ್ತಿಗೆ, ಅರ್ನೆಸ್ಟೀನ್ ನಮ್ಮ ಮನೆಯಿಂದ ತಾಯಿಗೆ ಫೋನು ಹಚ್ಚಿದಳು. ‘ಅಮ್ಮಾ, ಹುಡುಗಿ ಇದ್ದಾಳೆ, ಮಾತಾಡ್ತಾಳೆ’ ಎಂದು ನನ್ನ ಕೈಗೆ ಕೊಟ್ಟಳು.

‘ನನ್ನನ್ನ ಗಿರಣಿಯವನ ಮನೆಯ ಸೊಸೆ ಮಾಡಿದವಳು ನೀನೇನಾ?’ ಎಂದಿತು ಮುದಿ ದನಿ.

‘ನಾನೇ ಅಮ್ಮಾ. ತಪ್ಪಾಯಿತು. ಹೆಸರು ನನ್ನ ಕಣ್ಣಿಗೆ ಬಿದ್ದಿತ್ತು. ನಾನು ದಾಟಿ ಹೋದೆ.’

‘ಈಗ ಹಿಂದಿರುಗಿ ಬಂದಿದ್ದೀಯಾ?’

‘ಬಂದಿದ್ದೀನಿ. ಆ ಮನೆಯ ಒಲೆಯ ಬಳಿ ಮಲಗುತ್ತಿದ್ದವಳ ಹೆಸರು ಸಿಕ್ಕಿದೆ. ಅವಳು ನಿಮ್ಮವಳೇ ಅಂತ ಕಾಗದ ಹೇಳೋದಿಲ್ಲ.’

‘ಕಾಗದ ಯಾವತ್ತು ಹೇಳಿತ್ತು’ ಎಂದಳು ಮುದುಕಿ. ‘ನೀನು ಹೇಳು.’

ಕಿಟಕಿಗೆ ಮಂಜು ಬಂದು ಒರಗಿತ್ತು. ಕುರ್ಚಿಯಲ್ಲಿ ಕುಳಿತು ಕಾಲ ಮೇಲೆ ಕಂಬಳಿ ಎಳೆದುಕೊಂಡೆ. ರಿಸೀವರನ್ನು ಅರ್ನೆಸ್ಟೀನ್ ನನ್ನ ಬಾಯಿಗೆ ಹಿಡಿದಳು. ಮಾತು ಇಂಗ್ಲಿಷಿನದು, ರಾಗ ಅಪ್ಪನದು.

ಹಡಗಿನವರು ಕಡಲು ದಾಟಿಸಿ ತಂದವಳ, ಹೆಸರು ಕೇಳಿದರೆ ತನ್ನದೇ ಹೇಳಿದವಳ, ಹಟಮಾರಿ ಲುಜೋಲವ್ವನ ಸಂತಾನ ಕೇಳಿರೋ. ಲುಜೋಲವ್ವನ ಹೊಟ್ಟೆಯಲ್ಲಿ...

ಗಂಟೆ ಹೊಡೆದೆ. ಸದ್ದು ತಾನೇ ಸಾಯುವವರೆಗೆ ಕಾದೆ. ಮತ್ತೊಂದು ಹೊಡೆದೆ. ರಾಗ ಎಳೆಯಲಿಲ್ಲ. ಮೂರು. ಮಂಜಿನಲ್ಲಿ ಎತ್ತು ಒಂದೊಂದೇ ಹೆಜ್ಜೆ ಮುಂದಕ್ಕಿಟ್ಟಿತು. ನಾಲ್ಕು. ಅಂಗಳದಾಚೆ ನಿಂತಿದ್ದ ಹೆಂಗಸೊಬ್ಬಳು ಈ ಕಡೆಗೆ ಕಾಲೆತ್ತಿ ಇಟ್ಟಳು. ಐದು. ಆಮೇಲೆ ಹಾರ್ಮೆನ್, ಅವನ ಮಗ, ಮಗನ ಮಗ, ಅರ್ನೆಸ್ಟೀನಳ ತಂದೆ, ತಂದೆಯ ಕೈ ಹಿಡಿದ ಈ ತಾಯಿ, ತಾಯಿಯ ಮಗಳು. ಮುಗಿಸಿದೆ.

ಆಚೆ ಕಡೆ ಮುದುಕಿಯ ಉಸಿರು ಕೇಳುತ್ತಿತ್ತು.

‘ಐದು’ ಎಂದಳು. ‘ನಾನು ಎಣಿಸಿದೆ.’ ಆಮೇಲೆ ಆ ಹೆಸರನ್ನು ಹೇಳಿದಳು. ಲುಜೋಲೊ. ಒಲೆಯ ಮುಂದೆ ಮಲಗಿದ ಯಾರನ್ನೋ ಬೆಚ್ಚಿಬೀಳಿಸದೆ ಎಬ್ಬಿಸುವ ಹಾಗೆ.

‘ಇನ್ನೊಂದು ಸಲ’ ಎಂದಳು. ‘ಮೊದಲಿನಿಂದ.’

ನನಗೂ ನಡುವಿನಿಂದ ಹೇಳಲು ಬರುವುದಿಲ್ಲ. ಕಂಬಳಿ ಸರಿಪಡಿಸಿಕೊಂಡು ಗಂಟೆ ಎತ್ತಿಕೊಂಡೆ.